ಸುಳ್ಳು ಕಾಗೆ

೮ ಆಗಸ್ಟ್ ೧೯೪೨, ಶನಿವಾರ

ನಿನ್ನೆಯಿಂದ ಮುಟ್ಟಾಗಿ ಹೊರಗೆ. ಹಿತ್ತಲ ಖೋಲಿ, ಚಾಪೆ, ತಂಬಿಗೆ, ರತ್ನವ್ವ ಕಳಿಸಿದ ಪುಸ್ತಕ. ನಿನ್ನೆ ಒಂದು ಸಾಲೂ ಓದಲಾಗಲಿಲ್ಲ. ಪ್ರತಿ ತಿಂಗಳೂ ಮೊದಲ ದಿನ ನನ್ನ ಹಣೆಬರಹ ಇಷ್ಟೇ — ಹೊಟ್ಟೆ ಹಿಡಿದುಕೊಂಡು ಬೋರಲು ಬಿದ್ದಿರುವುದು. ಅನ್ನದ ವಾಸನೆಯೂ ಆಗದು. ಅತ್ತೆ ದೂರದಿಂದ ಎಲೆ ಸರಿಸಿದರು. ಸಂಜೆ ಅದು ಹಾಗೇ ಇದ್ದದ್ದನ್ನು ನೋಡಿದರು. ಇವತ್ತು ಮೈ ಹಗುರ. ಊಟದ ಹೊತ್ತಿಗೆ ಅರ್ಧ ಪುಸ್ತಕ ಹೊಡೆದೆ.

ಈ ಮೂರು ದಿನ ಇಲ್ಲದಿದ್ದರೆ ಜನ್ಮದಲ್ಲಿ ಒಂದು ಕಾದಂಬರಿ ಮುಗಿಸುತ್ತಿರಲಿಲ್ಲ. ಉಳಿದ ದಿನ ನಾನು ಕಾಶೀಬಾಯಿಯವರ ಸೊಸೆ — ನೀರು, ಒಲೆ, ಒಗೆಯುವುದು, ಬೀಸುವುದು. ಕೈಯಲ್ಲಿ ಪುಸ್ತಕ ಕಂಡರೆ ಅತ್ತೆಯ ಹುಬ್ಬು ಮೇಲೇರುತ್ತದೆ. ಹೊರಗೆ ಕೂತಾಗ ಮಾತ್ರ, "ದೇವರ ಪುಸ್ತಕ ಅಲ್ಲಲ್ಲ, ಏನರೆ ಮಾಡಿಕೋ."

ನಮ್ಮ ಬಳಗದ ಪದ್ಧತಿಯೂ ಹೀಗೇ ಹುಟ್ಟಿದ್ದು. ಮಾಳಮಡ್ಡಿಯ ಐದು ಮನೆ. ಯಾರು ಹೊರಗೆ ಕೂತರೋ ಪುಸ್ತಕ ಅವರ ಮನೆಗೆ. ನಾಲ್ಕನೆಯ ದಿನ ನಮಗೆ ಸ್ನಾನ, ಪುಸ್ತಕಕ್ಕೆ ನಾಲ್ಕು ಹನಿ ನೀರು, ಬಿಸಿಲು, ಆಮೇಲೆ ಮುಂದಿನ ಮನೆ. ಅದಕ್ಕೇ ನಮ್ಮ ಪುಸ್ತಕಗಳೆಲ್ಲ ಕರಿದ ಹಪ್ಪಳದಂತೆ ಉಬ್ಬಿವೆ. ತಿಂಗಳ ಕೊನೆಗೆ ಒಂದು ಹಾಳೆ ಕೈಚೀಲದಲ್ಲಿ ಸುತ್ತುತ್ತದೆ. ಯಾರು ಏನು ಓದಿದರು, ಅಭಿಪ್ರಾಯ ಏನು, ಎಲ್ಲ ಅದರಲ್ಲಿ.

ಜುಲೈ ಲಿಸ್ಟ್ ಇವತ್ತು ಮತ್ತೆ ಓದಿ ನಕ್ಕೆ. ವಕೀಲರ ಹೆಂಡತಿ ನಿರುಪಮಾ ಬರೆದದ್ದು: "ನಾಯಕ ಮೂವತ್ತು ಪುಟ ಅಳುತ್ತಾನೆ. ಯಾರಾದರೂ ಅವನಿಗೆ ಊಟಕ್ಕೆ ಹಾಕಬಾರದೆ?" ನನ್ನದು: "ಲೇಖಕರು ಅಡಿಗೆಮನೆಗೆ ಕಾಲಿಟ್ಟವರಲ್ಲ. ಹೋಳಿಗೆಯನ್ನು ಕುದಿಸಿದ್ದಾರೆ." ರತ್ನವ್ವನದು: "ಹನ್ನೆರಡು ಪುಟ. ಛಲೋ ಐತಿ. ಕೂಸು ಎದ್ದಿತು."

ಪಾಪ ರತ್ನವ್ವ. ಅವರದು ಅರಳೆ ವ್ಯಾಪಾರಸ್ಥರ ಮನೆ, ಲಿಂಗವಂತರು. ಪುಸ್ತಕ ತರಿಸುವವಳು ಅವಳೇ, ಗಂಡ ಬಸಣ್ಣ ಹುಬ್ಬಳ್ಳಿಯ ಲೈಬ್ರರಿಯ ಮೆಂಬರು. ಓದುವುದು ಮಾತ್ರ ಎಲ್ಲರಿಗಿಂತ ಕಡಿಮೆ. "ನಮ್ಮೊಳಗ ಸೂತಕಾನ ಇಲ್ಲಲ್ಲ ಮಂದಕ್ಕಾ, ಹೊರಗ ಕುಂಡ್ರಾಂಗಿಲ್ಲ. ಮತ್ತ ನಾ ಓದೂದರ ಯಾವಾಗ?"

೪ ಸೆಪ್ಟೆಂಬರ್, ಶುಕ್ರವಾರ

ಇವರನ್ನು, ನನ್ನ ಯಜಮಾನರನ್ನು, ನಿನ್ನೆ ಹಿಡಿದುಕೊಂಡು ಹೋದರು. ಸಾಲೆಯಿಂದಲೇ. ಹುಡುಗರ ಚಲೇಜಾವ್ ಮೆರವಣಿಗೆಯ ಮುಂದೆ ಮಾಸ್ತರರೇ ನಡೆದರೆ ಪೊಲೀಸರು ಬಿಡುತ್ತಾರೆಯೇ? ಹಿಂಡಲಗಿ ಜೈಲಂತೆ. ತಿಂಗಳಿಗೊಂದು ಪತ್ರ, ಅದೂ ಜೈಲಿನವರು ಓದಿದ ಮೇಲೆ.

ಅತ್ತೆ ಅಳಲಿಲ್ಲ. "ರಮಾಕಾಂತನ ಅಂಗಿ ಒಣಗ್ಯಾವ. ಮಡಚಿ ಇಡು" ಎಂದರು. ಮಡಚಿ ಇಟ್ಟೆ. ಅತ್ತದ್ದು ನಾನು.

೧೫ ಸೆಪ್ಟೆಂಬರ್

ಮನೆಯಲ್ಲಿ ಇಬ್ಬರು ಹೆಂಗಸರು, ಮಾತಿಲ್ಲ. ಪಾತ್ರೆಯ ಸಪ್ಪಳ ಮಾತ್ರ.

ನನ್ನ ದಿನ ಮುಂದೆ ಹೋಗಿದೆ. ಗಾಬರಿಗೆ ಹಾಗಾಗುತ್ತದೆ ಎಂದಳು ನಿರುಪಮಾ. ಮದುವೆಯಾದ ನಾಲ್ಕು ವರ್ಷದಲ್ಲಿ ಹೀಗೆ ಎಷ್ಟು ಸಲ ಆಸೆಪಟ್ಟು ಮಂಗನಾಗಿದ್ದೇನೆ... ಬೇರೆ ವಿಚಾರ ಮಾಡುವುದಿಲ್ಲ.

೨೪ ಸೆಪ್ಟೆಂಬರ್, ಗುರುವಾರ

ಮಾಡಬಾರದ್ದು ಮಾಡಿದೆ.

ನಿನ್ನೆ ಸಂಜೆ ರತ್ನವ್ವ ಬಂದಳು. ಎರಡು ತಿಂಗಳಿಂದ ಎಲ್ಲರೂ ಕಾಯುತ್ತಿದ್ದ "ಊರು ತಪ್ಪಿದ ನಿಬ್ಬಣ" ಕಡೆಗೂ ಸಿಕ್ಕಿದೆ. "ಸೋಮಾರ ಲೈಬ್ರರಿಗೆ ಹೊಳ್ಳಿ ಕೊಡಬೇಕಂತ. ಈ ವಾರ ಯಾರೂ ಹೊರಗಿಲ್ಲ. ಹಂಗ ಹೋಗತೈತಿ ನೋಡ್ರಿ." ಮೊದಲ ಪುಟ ಬಾಗಿಲಲ್ಲೇ ನಿಂತು ಓದಿದೆ. ಮದುವೆಯ ನಿಬ್ಬಣ ದಾರಿ ತಪ್ಪಿ ಬೇರೆ ಊರಿಗೆ ಹೋಗುತ್ತದೆ, ಅಲ್ಲಿಯೂ ಚಪ್ಪರ ಹಾಕಿ ಕಾಯುತ್ತಿರುತ್ತಾರೆ! ಅದನ್ನು ಬಿಟ್ಟು ಮಲಗಲು ನನ್ನಿಂದಾಗಲಿಲ್ಲ.

ಬೆಳಗ್ಗೆ ಎದ್ದವಳೇ ಹಿತ್ತಲಿಗೆ ಹೋಗಿ ಅಲ್ಲಿಂದಲೇ ಕೂಗಿದೆ. "ಅತ್ಯಾ, ಕಾಗಿ ಮುಟ್ಟೇದರಿ."

"ಹೂಂ" ಎಂದರು.

ಸುಳ್ಳು ಕಾಗೆ. ಮುಟ್ಟಾಗಿರಲಿಲ್ಲ ನಾನು. ದೇವರೇ, ಮೂರು ದಿನ ಆ ಮುದುಕಿಯ ಕೈಲಿ ನೀರು ಸೇದಿಸುತ್ತೇನೆ, ಅಡಿಗೆ ಮಾಡಿಸುತ್ತೇನೆ. ನಾಚಿಕೆಯಾಗುತ್ತದೆ. ಆದರೂ ಓದುತ್ತೇನೆ. ಬೀಗರಿಬ್ಬರು ಜಗಳಾಡುವ ಜಾಗದಲ್ಲಿ ಸೆರಗು ಬಾಯಿಗೆ ತುರುಕಿಕೊಂಡರೂ ನಗು ತಡೆಯಲಿಲ್ಲ. ಹಸಿವೂ ಕೆಟ್ಟದ್ದು. ಎರಡನೆಯ ಸಲ ಅನ್ನ ಕೇಳಿದೆ. ಅತ್ತೆ ಒಂದು ಕ್ಷಣ ನಿಂತು ನೋಡಿ ಹಾಕಿದರು.

೨೫ ಸೆಪ್ಟೆಂಬರ್

ಹೆಬ್ಬಳ್ಳಿಯಿಂದ ಪಂಢರಿನಾಥ ಕಾಕಾ ಬಂದಿದ್ದರು. ಮಾವನವರ ಎಲ್ಲರಿಗಿಂತ ಕಿರಿಯ ತಮ್ಮ. ಮಾವ ಹೋದ ಮೇಲೆ ಮನೆತನಕ್ಕೆ ಅವರೇ ಹಿರಿಯರು. ಹಿತ್ತಲ ಬಾಗಿಲಲ್ಲಿ ನಿಂತು, ದೂರದಿಂದಲೇ, "ಧೈರ್ಯಾ ಬಿಡಬ್ಯಾಡವಾ. ಹಂಗ ಏನ ಬೇಕಾದ್ರೂ ನನಗ ಹೇಳು" ಎಂದರು. ತಲೆ ಬಾಗಿಸಿ ಕೂತೆ. ಪುಸ್ತಕ ಚಾಪೆಯ ಕೆಳಗಿತ್ತು. ಒಳ್ಳೆಯವರು ಕಾಕಾ.

೩೦ ಸೆಪ್ಟೆಂಬರ್

ಲಿಸ್ಟ್ ಕಳಿಸಿದೆ. ಅಭಿಪ್ರಾಯ: "ನಗದವರಿಗೆ ಈ ಪುಸ್ತಕ ಕೊಡಬೇಡಿ, ಹಾಳಾಗುತ್ತದೆ." ಹಾಳೆ ನನ್ನ ಕೈಗೆ ಬಂದಾಗಲೇ ನಿರುಪಮಾ ನನ್ನ ಹೆಸರಿನ ಪಕ್ಕದಲ್ಲಿ ಪೆನ್ಸಿಲಿನಲ್ಲಿ ಬರೆದಿದ್ದಳು: "ನಿನ್ನ ಕಾಗಿ ಸರಿಯಾದ ಹೊತ್ತಿಗೆ ಬಂತು, ಹೌದೋ ಅಲ್ಲೋ?" ಅವಳಿಗೆ ಗೊತ್ತು. ಅವಳೂ ಎರಡು ಸಲ ಸುಳ್ಳು ಕೂತವಳೇ.

೧೪ ಅಕ್ಟೋಬರ್

ಒಗ್ಗರಣೆಯ ವಾಸನೆಗೆ ಹೊಟ್ಟೆ ತೊಳೆಸಿತು. ನಿನ್ನೆಯೂ. ಮೊನ್ನೆಯೂ.

ಗಾಬರಿಯಿಂದ ನಿಂತದ್ದಲ್ಲ ಅದು. ಆಗಸ್ಟ್ ನಂತರ ನನಗೆ ಆಗಿಯೇ ಇಲ್ಲ.

ನಾಲ್ಕು ವರ್ಷ ಹರಕೆ ಹೊತ್ತದ್ದು! ಇವರಿಗೆ ಹೇಗೆ ತಿಳಿಸಲಿ? ಬಾವಿಯ ಹತ್ತಿರ ನಿಂತು ಒಬ್ಬಳೇ ನಕ್ಕೆ, ಒಬ್ಬಳೇ ಅತ್ತೆ.

ಅದೇ ದಿನ, ಸಂಜೆ

ಈಗ ಹೊಳೆಯಿತು. ಇವರು ಹೋದ ಮೇಲೆ ನಾನು ಹೊರಗೆ ಕೂತಿದ್ದೆ. ಅತ್ತೆ ಬಡಿಸಿದ್ದಾರೆ. ಕಾಕಾ ಕಣ್ಣಾರೆ ನೋಡಿದ್ದಾರೆ. ಊರ ಕಣ್ಣಿಗೆ ನಾನು ಸೆಪ್ಟೆಂಬರ್ ಕೊನೆಗೆ ಬಸುರಿಯಲ್ಲ. ಇವರು ಜೈಲಿಗೆ ಹೋದದ್ದು ಅದಕ್ಕೂ ಮೊದಲು.

ಬರೆಯಲಾರೆ.

೯ ನವೆಂಬರ್, ದೀಪಾವಳಿ ಪಾಡ್ಯ

ಮುಚ್ಚಿಡಲಾಗಲಿಲ್ಲ. ಕಾಕಾ ಹಬ್ಬಕ್ಕೆ ಬಂದಿದ್ದರು. ಕರಿದೆಣ್ಣೆಯ ಹೊಗೆಗೆ ಎದ್ದು ಓಡಿದೆ. ತಿರುಗಿ ಬರುವುದರೊಳಗೆ ಪಡಸಾಲೆಯಲ್ಲಿ ಅವರ ಮುಖ ಬೇರೆಯಾಗಿತ್ತು.

"ವೈನಿ, ರಮಾಕಾಂತನ ಹಿಡದದ್ದು ಗಣಪತಿ ಹಬ್ಬಕ್ಕಿಂತ ಮೊದಲ. ಹೌದೋ ಅಲ್ಲೋ? ಆಮ್ಯಾಲೆ ನಾ ಬಂದಾಗ ಇಕಿ ಹೊರಗ ಕೂತಿದ್ಲು. ನಾ ಮಾತಾಡಿಸೇನಿ. ಹಂಗಾದ್ರ ಇದು ಎಲ್ಲಿಂದ ಬಂತು?"

ಎಲ್ಲ ಹೇಳಿಬಿಟ್ಟೆ. ಪುಸ್ತಕ, ರತ್ನವ್ವ, ಸೋಮವಾರ, ಸುಳ್ಳು ಕಾಗೆ. ಕಾಕಾ ನಕ್ಕರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

"ಕಾದಂಬರಿ ಓದಲಿಕ್ಕೆ ಹೊರಗ ಕೂತೆ! ಇಂಥಾ ಸುಳ್ಳು ಕಾದಂಬರ್ಯಾಗ ಬರದ್ರ ಸೈತ ಯಾರೂ ನಂಬೂದಿಲ್ಲ."

"ಕೂಸು ಹುಟ್ಟಿದಾಗ ತಿಂಗಳ ಲೆಕ್ಕಾ ನೀವ ಹಾಕ್ರಿ ಕಾಕಾ."

"ಅಲ್ಲೀ ತನಕಾ ಮಂದಿ ಬಾಯಿಗೆ ಏನ ಹಾಕಲಿ?"

ಮುಂದಿನ ತಿಂಗಳು ಹೆಬ್ಬಳ್ಳಿಯಲ್ಲಿ ಅಜ್ಜಿಯ ಶ್ರಾದ್ಧ. ಅಂದರೆ ಕಾಕಾನ ತಾಯಿಯದು, ಅತ್ತೆಯ ಅತ್ತೆಯದು. ಅದಕ್ಕೆ ಮೊದಲು ಇತ್ಯರ್ಥ ಆಗಬೇಕಂತೆ. ಇಲ್ಲವಾದರೆ ನನ್ನನ್ನು ಅಮ್ಮಿನಬಾವಿಗೆ ಅಣ್ಣನ ಮನೆಗೆ ಕಳಿಸುವುದು, ಇವರಿಗೆ ಜೈಲಿಗೆ ಕಾಕಾನೇ ಬರೆಯುವುದು. ಅಣ್ಣ ಇಂಥ ಹೆಸರು ಹೊತ್ತು ಬಂದವಳನ್ನು ಹೊಸ್ತಿಲು ದಾಟಿಸುವವನಲ್ಲ. ಮತ್ತು ಇವರು... ಜೈಲಿನವರು ಗಟ್ಟಿಯಾಗಿ ಓದಿ ನಕ್ಕ ಮೇಲೆ ಆ ಪತ್ರ ಇವರ ಕೈಗೆ ಹೋಗುತ್ತದೆ.

ಅತ್ತೆ ಇಷ್ಟು ಹೊತ್ತೂ ಬತ್ತಿ ಹೊಸೆಯುತ್ತಿದ್ದರು.

೧೧ ನವೆಂಬರ್

ಸೂಲಗಿತ್ತಿ ಶೇವಂತೆವ್ವ ಬಂದು ಹೊಟ್ಟೆ ನೋಡಿದಳು. "ಎಲ್ಡೋ ಮೂರೋ ತಿಂಗಳು, ಈಗ ಹ್ಯಾಂಗ ಹೇಳೂದರಿ?" ಅಲ್ಲಿಗೆ ಆ ಆಸೆಯೂ ಹೋಯಿತು.

ನಿರುಪಮಾನ ಮನೆಗೆ ಹೋದೆ. ಕೇಳಿದ್ದು ಒಂದೇ — ನಮ್ಮಲ್ಲಿ ಹೀಗೆ ಸುಳ್ಳು ಕೂಡುವ ರೂಢಿಯಿದೆ, ನಾನೂ ಕೂತಿದ್ದೇನೆ ಅಂತ ಕಾಕಾನ ಮುಂದೆ ಹೇಳು. ಅವಳು ಬಾಗಿಲು ಮುಂದೆ ಮಾಡಿ, ಪಿಸುದನಿಯಲ್ಲಿ,

"ನಮ್ಮ ಅತ್ತಿಗೆ ತಿಳೀತಂದ್ರ ಮುಗೀತು ಮಂದಾ. ಮೂರು ದಿನಾ ಬೀಸೂ ಕಲ್ಲಿನ ಮುಂದ ಕೂಡಸತಾರ. ನಾ ಮತ್ತ ಜನ್ಮದಾಗ ಒಂದ ಪುಸ್ತಕ ಓದೂದಿಲ್ಲ."

"ನಿಂದು ಪುಸ್ತಕ ಹೋಗತದ. ನಂದು ಮನಿ ಹೋಗತದ."

"ಸೆಪ್ಟೆಂಬರಿನ ಲಿಸ್ಟು ಒಲಿಗೆ ಹಾಕೇನಿ. ಅದರಾಗ ನಾ ಪೆನ್ಸಿಲಿನ್ಯಾಗ ಬರದಿದ್ದೆ ನೋಡು, ಅದಕ್ಕ."

ಎಲ್ಲ ಪುಸ್ತಕಗಳ ನಾಯಕಿಯರಿಗೂ ಧೈರ್ಯ ಸಾಲದು ಎಂದು ಅಭಿಪ್ರಾಯ ಬರೆಯುವವಳು ಇವಳೇ! ಸಿಟ್ಟಿನಿಂದ ಅರ್ಧ ದಾರಿ ಬಂದೆ. ಉಳಿದರ್ಧ ದಾರಿಯಲ್ಲಿ, ಅವಳ ಜಾಗದಲ್ಲಿ ನಾನಿದ್ದರೆ ಏನು ಮಾಡುತ್ತಿದ್ದೆ ಎಂದು ಯೋಚಿಸಿದೆ. ಉತ್ತರ ನನಗೇ ಸೇರಲಿಲ್ಲ.

೧೬ ನವೆಂಬರ್

ರತ್ನವ್ವ ತಾನೇ ಬಂದಳು. ಕಾಕಾ ಕಟ್ಟೆಯ ಮೇಲೆ ಕೂತಿದ್ದರು. ಎದುರೇ ನಿಂತು ಹೇಳಿದಳು.

"ಪುಸ್ತಕಾ ತಂದಾಕಿ ನಾನರಿ. ಸೋಮಾರ ಹೊಳ್ಳಿ ಕೊಡೂದೈತಿ ಅಂದಾಕೀನೂ ನಾನ. ಈ ತಪ್ಪಿನಾಗ ನನ್ನ ಪಾಲೂ ಐತಿ."

"ನಿಮ್ಮೊಳಗ ಹೊರಗ ಕೂಡೂದ ಇಲ್ಲ. ಆಗೇದೋ ಆಗಿಲ್ಲೋ ಅನ್ನೂ ಮಾತಿನ್ಯಾಗ ನಿಮ್ಮ ಸಾಕ್ಷಿ ಹ್ಯಾಂಗ ನಡೀತದವಾ?"

ರತ್ನವ್ವ ಹೋಗುವಾಗ ನನ್ನ ಕೈ ಗಟ್ಟಿಯಾಗಿ ಹಿಡಿದಳು. ಕೈಚೀಲ ಈ ತಿಂಗಳು ಯಾವ ಮನೆಗೂ ಹೋಗಿಲ್ಲವಂತೆ. ಎಲ್ಲರಿಗೂ ಅಂಜಿಕೆ.

೨೪ ನವೆಂಬರ್

ಅತ್ತೆಯ ಮೌನ ನನ್ನನ್ನು ಕೊಲ್ಲುತ್ತದೆ. ಬೈಯಲಿ, ಹೊಡೆಯಲಿ, ಏನಾದರೂ ಮಾಡಲಿ. ಬಡಿಸುವಾಗ ಮುಖ ನೋಡುವುದಿಲ್ಲ. ಇವತ್ತು ಎಲೆಯ ಮೂಲೆಯಲ್ಲಿ ಬೆಲ್ಲದ ಚೂರಿತ್ತು. ಮರೆತು ಹಾಕಿದರೋ?

ಕಾಕಾ ಮೊನ್ನೆ ಹೇಳಿಹೋದ ಮಾತು ತಲೆಯಿಂದ ಹೋಗುತ್ತಿಲ್ಲ. "ಯಾರ ಸಾಕ್ಷೀನೂ ಬ್ಯಾಡ. ವೈನಿ ಹೇಳಲಿ. ವೈನಿ ಬಾಯಿಂದ ಸುಳ್ಳು ಬರೂದಿಲ್ಲ." ಖರೇ. ಅತ್ತೆ ಸುಳ್ಳು ಹೇಳಿದ್ದನ್ನು ನಾನು ಕೇಳಿಲ್ಲ. ಈ ಮನೆತನದಲ್ಲಿ ಅವರಷ್ಟು ಮಡಿ ಯಾರದ್ದೂ ಇಲ್ಲ. ಅಜ್ಜಿಯ ಶ್ರಾದ್ಧದ ಅಡಿಗೆ ಪ್ರತಿ ವರ್ಷ ಅವರದ್ದೇ ಕೈ, ಅದೊಂದೇ ಅವರ ಹಬ್ಬ. ವಿಧವೆಯನ್ನು ಬೇರೆ ಯಾವ ಹಬ್ಬಕ್ಕೆ ಯಾರು ಕರೆಯುತ್ತಾರೆ? ವಾರ ಮೊದಲೇ ಮಡಿಯ ಕೆಂಪು ಸೀರೆ ನೆನೆಸಿ ಒಣಗಿಸಿ ತಯಾರಿ ನಡೆಸುತ್ತಾರೆ.

ಅವರು ನಿಜವನ್ನೇ ಹೇಳುತ್ತಾರೆ. ಸೊಸೆ ಹೊರಗೆ ಕೂತಿದ್ದಳು ಎನ್ನುತ್ತಾರೆ. ಅಷ್ಟು ಸಾಕು.

೫ ಡಿಸೆಂಬರ್

ನಾಳೆ ಕಾಕಾ ಬರುತ್ತಾರೆ. ಟ್ರಂಕಿನಲ್ಲಿ ನಾಲ್ಕು ಸೀರೆ ಹಾಕಿದೆ. ಇವರ ಅಂಗಿ ಒಂದನ್ನು ಹಾಕಿದೆ, ತೆಗೆದೆ, ಮತ್ತೆ ಹಾಕಿದೆ.

೬ ಡಿಸೆಂಬರ್, ಭಾನುವಾರ

ಆದದ್ದನ್ನು ಆದ ಹಾಗೆ ಬರೆಯಬೇಕು. ಮರೆಯಬಾರದು.

ಪಡಸಾಲೆ. ಕಾಕಾ ಮಣೆಯ ಮೇಲೆ. ಅತ್ತೆ ಅಡಿಗೆಮನೆಯ ಬಾಗಿಲಿಗೆ ಒರಗಿ. ನಾನು ಕಂಬದ ಹಿಂದೆ.

"ವೈನಿ, ಸುತ್ತು ಬಳಸಿ ಮಾತು ಬ್ಯಾಡ. ರಮಾಕಾಂತ ಹೋದ ಮ್ಯಾಲೆ ಇಕಿ ಹೊರಗ ಕೂತಿದ್ಲೋ ಇಲ್ಲೋ?"

"ಕೂತಿದ್ಲು."

ಕಂಬ ಹಿಡಿದುಕೊಂಡೆ.

"ಕೂತಿದ್ಲು. ಆಗಿದ್ದಿಲ್ಲ."

ಕಾಕಾ ತಲೆ ಎತ್ತಿದರು.

"ನಿಮಗ ಹ್ಯಾಂಗ ಗೊತ್ತು?"

"ತಿಂಗಳಾ ಮೊದಲನೇ ದಿನಾ ಇಕಿ ಬೋರಲ ಬಿದ್ದಿರತಾಳ, ಅನ್ನಾ ಮುಟ್ಟೂದಿಲ್ಲ. ಅವತ್ತು ಎರಡನೇ ಸಲಾ ಬೇಡಿ ಉಂಡ್ಲು. ನಾ ತುಳಸಿಕಟ್ಟಿ ಸಾರಸಲಿಕ್ಕತ್ತಿದ್ದೆ. ಒಳಗಿಂದ ನಗೂ ಸಪ್ಪಳಾ ಕೇಳಿತು. ಅವಾಗ ತಿಳೀತು ನನಗ."

"ನಕ್ಕಳು ಅಂತ ನಂಬಬೇಕೇನ್ರಿ? ಇಷ್ಟು ದೊಡ್ಡ ಮಾತು, ನಗೀ ಮ್ಯಾಲೆ ನಿಲ್ಲಸೂದೇನು? ಸೊಸಿ ಮ್ಯಾಲಿನ ಅಂತಃಕರಣಕ್ಕ ಅನ್ನಲಿಕ್ಕತ್ತೀರಿ. ಸುಳ್ಳ ಸುಳ್ಳ ಯಾವ ಹೆಣ್ಣಮಗಳು ಹೊರಗ ಕೂಡತಾಳರಿ?"

ಅತ್ತೆ ಬಾಗಿಲು ಬಿಟ್ಟು ಎರಡು ಹೆಜ್ಜೆ ಮುಂದೆ ಬಂದರು.

"ನಾ ಕೂಡತಿದ್ದೆ, ಪಂಢರಿ."

ಕಾಕಾ ಹೆಗಲ ಶಲ್ಯ ತೆಗೆದು ಮಡಿಲಲ್ಲಿಟ್ಟುಕೊಂಡರು.

"ನಾ ಈ ಮನೀಗೆ ಬಂದಾಗ ಹದಿಮೂರು ವರ್ಷದಾಕಿ. ಮೈದುನರು, ನಾದನಿಯರು, ಬಂದು ಹೋಗೂ ಮಂದಿ, ಯಾರೂ ಏಳೂದಕ್ಕಿಂತ ಮೊದಲ ನಾ ಏಳಬೇಕು, ಎಲ್ಲಾರೂ ಮಲಗಿದ ಮ್ಯಾಲೆ ನಾ ಮಲಗಬೇಕು. ನನಗ ಓದಲಿಕ್ಕೆ ಬರತಿದ್ದಿಲ್ಲ. ನನಗ ನಿದ್ದಿ ಬೇಕಾಗಿತ್ತು. ನಿದ್ದೀಗೆ ಕೂಡತಿದ್ದೆ. ವರ್ಷದಾಗ ಒಮ್ಮೆ, ಎರಡ ಸಲಾ. ನಿಮ್ಮ ಅವ್ವಗ ಸುಳ್ಳು ಹೇಳಿ."

"ವೈನಿ..."

"ನೀ ಸಣ್ಣಾವ. ನನ್ನ ಬಿಟ್ಟು ಯಾರ ಕೈಲೆ ಉಣತಿದ್ದಿಲ್ಲ. ಖೋಲಿ ಮುಂದ ನಿಂತು ಎತ್ತಿಕೋ ಅಂತ ಅಳತಿದ್ದಿ. ಕಾಗಿ ಮುಟ್ಟೇದೋ ಪಂಢರಿ, ನನ್ನ ಮುಟ್ಟಬ್ಯಾಡೋ, ಅಂತಿದ್ದೆ. ನೀ ಅತ್ತು ಅತ್ತು ಅಲ್ಲೇ ಹೊಸ್ತಲದಾಗ ಮಲಗತಿದ್ದಿ. ಅದು ಸುಳ್ಳು ಕಾಗಿ ಇತ್ತಪಾ."

ಕಾಕಾ ನೆಲ ನೋಡುತ್ತ ಕೂತರು. ಕೂದಲು ಹಣ್ಣಾದ ಮನುಷ್ಯ, ಒಮ್ಮೆಲೇ ಸಣ್ಣ ಹುಡುಗನ ಮುಖ. ಕೊನೆಗೆ ಎದ್ದು ಶಲ್ಯ ಹೆಗಲಿಗೆ ಹಾಕಿಕೊಂಡರು.

"ಇಕಿ ಮಾತು ಇಲ್ಲಿಗೆ ಮುಗೀತು. ಇನ್ನ ಯಾರೂ ಎತ್ತೂದಿಲ್ಲ. ಪತ್ರಾನೂ ಬರಿಯೂದಿಲ್ಲ." ಬಾಗಿಲ ತನಕ ಹೋಗಿ, ತಿರುಗದೆಯೇ, "ಆದರ ವೈನಿ, ಅವ್ವನ ಶ್ರಾದ್ಧದ ಅಡಿಗಿ ನಿಮ್ಮ ಕೈಲೆ ಬ್ಯಾಡ. ಇನ್ನ ಮ್ಯಾಲೆ ಯಾವಾಗೂ ಬ್ಯಾಡ."

"ಹೂಂ" ಎಂದರು ಅತ್ತೆ. ನನ್ನ ಸುಳ್ಳಿಗೆ ಅಂದ ಅದೇ ಹೂಂ.

ಕಾಲು ಹಿಡಿಯಲು ಹೋದೆ. ಮಡಿಯಲ್ಲಿದ್ದರು, ಹಿಂದೆ ಸರಿದರು.

"ಗೊತ್ತಿದ್ದೂ ಅವತ್ತ ಯಾಕ ಬೈಲಿಲ್ಲ ಅತ್ಯಾ?"

"ಅವನ ಹಿಡಕೊಂಡು ಹೋದ ಮ್ಯಾಲೆ ಈ ಮನ್ಯಾಗ ಯಾರೂ ನಕ್ಕಿದ್ದಿಲ್ಲ."

"ಮತ್ತ ಈ ಒಂದು ತಿಂಗಳಾ? ನಾ ಸತ್ತು ಸತ್ತು ಹುಟ್ಟೇನಿ..."

ತಿಂಗಳಲ್ಲಿ ಮೊದಲ ಸಲ ನನ್ನ ಮುಖ ನೋಡಿದರು. "ಶ್ರಾದ್ಧದ ಆಸೆ ಇತ್ತು ನನಗ. ಬಿಡಲಿಕ್ಕೆ ಇಷ್ಟು ದಿನಾ ಹಿಡೀತು."

ಟ್ರಂಕು ಇನ್ನೂ ಬಿಚ್ಚಿಲ್ಲ.

೧೨ ಡಿಸೆಂಬರ್, ಶನಿವಾರ, ಮಧ್ಯಾಹ್ನ

ಇವತ್ತು ಶ್ರಾದ್ಧ. ಹೆಬ್ಬಳ್ಳಿಯಲ್ಲಿ ಬೇರೆ ಯಾರೋ ಒಲೆಯ ಮುಂದೆ ಕೂತಿದ್ದಾರೆ. ಅತ್ತೆ ರೂಢಿಯಂತೆ ಕತ್ತಲಿರುವಾಗಲೇ ಎದ್ದು ಸ್ನಾನ ಮಾಡಿದರು. ಕೆಂಪು ಸೀರೆ ಉಟ್ಟರು. ಆಮೇಲೆ ಮಾಡಲು ಏನೂ ಇಲ್ಲದೆ ಪಡಸಾಲೆಗೆ ಬಂದು ಗೋಡೆಗೆ ಒರಗಿ ಕೂತರು. ನೋಡಲಾಗಲಿಲ್ಲ. ನನ್ನಿಂದ, ನನ್ನ ಒಂದು ಚಪಲದಿಂದ.

ರತ್ನವ್ವ ಬಂದಳು. ಕೈಚೀಲ ತಂದಿದ್ದಳು. ಒಳಗೆ ಹೊಸ ತಿಂಗಳ ಹಾಳೆ. ನಿರುಪಮಾನ ಹೆಸರಿದೆ, ಎದುರಿಗೆ ಏನೂ ಬರೆದಿಲ್ಲ. ಬರೆಯಲಿ ಬಿಡಲಿ. ನನಗಂತೂ ಇನ್ನು ಹೆರಿಗೆಯ ತನಕ ಹೊರಗೆ ಕೂಡುವ ಮಾತಿಲ್ಲ, ಓದುವ ಮಾತೂ ಇಲ್ಲ ಎಂದೆ.

ಗೋಡೆಯ ಕಡೆಯಿಂದ ಅತ್ತೆಯ ದನಿ. "ರತ್ನವ್ವಾ, ಆ ನಿಬ್ಬಣದ ಪುಸ್ತಕಾ ಇನ್ನೊಮ್ಮೆ ಸಿಗತದೇನು?"

ರತ್ನವ್ವ ನನ್ನ ಮುಖ ನೋಡಿದಳು. ಚೀಲದಲ್ಲೇ ಇತ್ತು. ಮತ್ತೆ ತರಿಸಿದ್ದಳು ಪುಣ್ಯಾತ್ಗಿತ್ತಿ.

"ಇಲ್ಲೇ ಕೂತು ಓದು ಮಂದಾ. ಏನ ಅಷ್ಟು ನಗೂವಂಥಾದ್ದು ಅದರಾಗ, ಕೇಳತೇನಿ."

ಹಗಲು ಹೊತ್ತು, ಪಡಸಾಲೆಯಲ್ಲಿ, ಗಟ್ಟಿ ದನಿಯಲ್ಲಿ ಓದಿದೆ. ನಿಬ್ಬಣ ದಾರಿ ತಪ್ಪಿತು. ಗಾಡಿಯವನಿಗೂ ಬೀಗರಿಗೂ ಜಗಳ ಹತ್ತಿತು. ಅತ್ತೆ ಒಮ್ಮೆ "ಅಯ್ಯ ಇವನ!" ಎಂದರು. ಆಮೇಲೆ ಸದ್ದಿಲ್ಲ. ಇನ್ನು ನಗುತ್ತಾರೆ ಎಂದು ತಲೆ ಎತ್ತಿದರೆ...

ಮಲಗಿಬಿಟ್ಟಿದ್ದಾರೆ. ಗೋಡೆಗೆ ತಲೆ ಆನಿಸಿ, ಬಾಯಿ ಸ್ವಲ್ಪ ತೆರೆದು. ನಾಲ್ಕು ವರ್ಷದಲ್ಲಿ ಈ ಹೆಂಗಸು ಹಗಲು ಕಣ್ಣು ಮುಚ್ಚಿದ್ದನ್ನು ನಾನು ನೋಡಿಲ್ಲ. ರತ್ನವ್ವ ಕಾಲ ಸಪ್ಪಳ ಮಾಡದೆ ಎದ್ದು ಹೋದಳು. ಒಲೆಯ ಮೇಲೆ ನೀರಿದೆ, ಕಾಯಲಿ. ಕದಲುವುದಿಲ್ಲ ನಾನು.

ಹಾಳೆ ಮಡಿಲಲ್ಲೇ ಇದೆ. ನಿರುಪಮಾನ ಕೆಳಗೆ ಹೊಸ ಹೆಸರು ಬರೆದೆ.

ಕಾಶೀಬಾಯಿ. "ಊರು ತಪ್ಪಿದ ನಿಬ್ಬಣ." ನಾಲ್ಕು ಪುಟ. ಅಭಿಪ್ರಾಯ —